ಮರಣ ವಾರ್ತೆಯ ಪುಟ ತೆರೆಯದ ಗುರುವಾರ

ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯವರು ಹೇಳಿ ಹೇಳಿ ಸಾಕಾಗಿ ಬಿಟ್ಟುಬಿಟ್ಟಿದ್ದಾರೆ. ನನ್ನ ಸಿಟ್ಟಿನಿಂದ ಯಾರಿಗೇನು ನಷ್ಟ ಎಂದು ನಾನೂ ಬಹಳ ವರ್ಷ ವಾದ ಮಾಡಿದವಳೇ. ಆ ವಾದವನ್ನು ನಿಲ್ಲಿಸಿದ್ದು ಕಾಪುವಿನಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದಾಗಿನ ಒಂದು ಗುರುವಾರದ ನಂತರ. ಆ ದಿನದ ಬಗ್ಗೆ ಇದುವರೆಗೆ ಒಬ್ಬರಿಗೆ ಮಾತ್ರ ಪೂರ್ತಿ ಹೇಳಿದ್ದೇನೆ.

ಸೆಂಟರ್ ಎಂದರೆ ದೊಡ್ಡದೇನಲ್ಲ. ಹೆದ್ದಾರಿಯ ಬದಿಯ ಕಟ್ಟಡದ ಮೊದಲ ಮಾಳಿಗೆಯಲ್ಲಿ ಒಂದು ಕೋಣೆ, ನಾಲ್ಕು ಕಂಪ್ಯೂಟರು, ಒಂದು ಟೆಲಿಫೋನ್ ಲೈನು. ಇಂಟರ್ನೆಟ್ ಬರುತ್ತಿದ್ದುದೂ ಆ ಲೈನಿನಲ್ಲೇ. ಇಂಟರ್ನೆಟ್ ಹಾಕಿದರೆ ಫೋನಿಲ್ಲ, ಫೋನು ಬೇಕಾದರೆ ಇಂಟರ್ನೆಟ್ ಕಡಿಯಬೇಕು. ಮದುವೆ ಕಾಗದ, ಬಯೋಡಾಟಾ, ಗಲ್ಫಿನಲ್ಲಿರುವ ಗಂಡನಿಗೆ ಇಮೇಲ್, ಇಷ್ಟೇ ಕೆಲಸ. ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ವೆಬ್‌ಸೈಟ್ ಎಂಬುದು ಆಗ ಎಲ್ಲರಿಗೂ ಬೇಕಿತ್ತು, ಯಾಕೆ ಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದುದು ನಮ್ಮೂರಿನ ಇಗರ್ಜಿಯ ಫಾದರ್ ಒಬ್ಬರಿಗೆ.

"ನಮ್ಮ ಅರ್ಧ ಜನ ಗಲ್ಫಿನಲ್ಲಿ ಇದ್ದಾರೆ," ಎಂದರು ಫಾದರ್. "ಪೂಜೆ ಎಷ್ಟು ಗಂಟೆಗೆ ಅಂತ ಅವರಿಗೆ ಬೇಡ. ಇಲ್ಲಿ ಯಾರು ತೀರಿಕೊಂಡ್ರು, ಮಣ್ಣು ಮಾಡುವುದು ಯಾವಾಗ, ಅದು ಗೊತ್ತಾಗ್ಬೇಕು. ಅಷ್ಟು ಮಾಡಿಕೊಡಿ, ಸಾಕು."

ಮಾಡಿಕೊಟ್ಟೆ. ಮರಣ ವಾರ್ತೆ ಎಂದು ಒಂದು ಪುಟ. ತೀರಿಕೊಂಡವರ ಫೋಟೋ, ಮನೆ, ಮಕ್ಕಳು ಎಲ್ಲೆಲ್ಲಿ, ಅಂತ್ಯಕ್ರಿಯೆಯ ಸಮಯ. ಮಣಿಪಾಲದಲ್ಲಿ ಆರು ತಿಂಗಳ ಕೋರ್ಸ್ ಮಾಡಿ ಬಂದವಳು ನಾನು, ನನಗೆ ಅದೇ ದೊಡ್ಡ ಸಾಧನೆ. ಆ ಪುಟಕ್ಕೆ ಎಷ್ಟು ತೂಕ ಬಂದಿದೆ ಎಂದು ಮಾತ್ರ ನನಗೆ ತಡವಾಗಿ ತಿಳಿಯಿತು. ಗಲ್ಫಿನ ಕಂಪನಿಗಳಲ್ಲಿ ತಂದೆತಾಯಿ ತೀರಿಕೊಂಡರೆ ತುರ್ತು ರಜೆ ಕೊಡುತ್ತಾರೆ, ಆದರೆ ಪಾಸ್‌ಪೋರ್ಟ್ ಇರುವುದು ಮ್ಯಾನೇಜರನ ಕಪಾಟಿನಲ್ಲಿ. ಸುಳ್ಳು ಫ್ಯಾಕ್ಸುಗಳನ್ನು ನೋಡಿ ನೋಡಿ ಆ ಮ್ಯಾನೇಜರುಗಳಿಗೆ ರೋಸಿಹೋಗಿತ್ತು. ನಮ್ಮೂರಿನವನೊಬ್ಬ ತಂದೆ ತೀರಿಕೊಂಡಾಗ ಈ ಪುಟವನ್ನು ತೋರಿಸಿದನಂತೆ, ಮ್ಯಾನೇಜರು ಮರುಮಾತಿಲ್ಲದೆ ಪಾಸ್‌ಪೋರ್ಟ್ ತೆಗೆದುಕೊಟ್ಟನಂತೆ. ಫ್ಯಾಕ್ಸ್ ಯಾರು ಬೇಕಾದರೂ ಕಳಿಸಬಹುದು, ಇಗರ್ಜಿ ಸುಳ್ಳು ಹೇಳುತ್ತದೆಯೇ ಎಂದು ಅವರ ಲೆಕ್ಕಾಚಾರ. ಅಲ್ಲಿಂದ ಮುಂದೆ ಊರಿನಲ್ಲಿ ಯಾರಾದರೂ ಹೋದರೆ ಡಾಕ್ಟರು ಹೇಳಿದ ಮೇಲೆ ಎರಡನೆಯ ಕೆಲಸ ನನ್ನ ಸೆಂಟರಿಗೆ ಬರುವುದು.

ಆಮೇಲೆ ನಾನು ಬುದ್ಧಿವಂತಿಕೆ ಮಾಡಿದೆ. ಪ್ರತಿ ಸಲ ನನ್ನಲ್ಲಿಗೆ ಓಡಿ ಬರುವುದು ಬೇಡ, ಯಾರು ಬೇಕಾದರೂ ಅವರವರೇ ತುಂಬಿಸಲಿ ಎಂದು ಒಂದು ಅರ್ಜಿಯ ಪುಟ ಮಾಡಿದೆ. ಅದರಲ್ಲಿ ಬರೆದದ್ದು ನೇರವಾಗಿ ಅಮೆರಿಕದಲ್ಲಿದ್ದ ಸರ್ವರಿನ ಫೋಲ್ಡರಿಗೆ ಹೋಗಿ ಕೂರಬೇಕು. ಕೂರಬೇಕಾದರೆ ಫೋಲ್ಡರಿಗೆ ಅನುಮತಿ ಕೊಡಬೇಕು. ಫೈಲು ಕಳಿಸುವ ಪ್ರೋಗ್ರಾಮಿನಲ್ಲಿ ಅದಕ್ಕೆ ಒಂಬತ್ತು ಚೌಕಗಳಿದ್ದವು. ಓದುವುದು, ಬರೆಯುವುದು, ನಡೆಸುವುದು ಎಂದು ಮೂರು. ಅವು ಯಜಮಾನನಿಗೆ, ಗುಂಪಿನವರಿಗೆ, ಉಳಿದ ಎಲ್ಲರಿಗೆ ಎಂದು ಮೂರು ಸಾಲು. ಯಾವುದಕ್ಕೆ ಟಿಕ್ ಹಾಕಬೇಕು, ಯಾವುದಕ್ಕೆ ಬಿಡಬೇಕು ಎಂದು ಎರಡು ದಿನ ಒದ್ದಾಡಿ, ಇದರ ಸಹವಾಸವೇ ಬೇಡ ಎಂದು ಒಂಬತ್ತಕ್ಕೂ ಹಾಕಿಬಿಟ್ಟೆ. ಎಲ್ಲವೂ ನಡೆಯಿತು. ನಡೆಯುವುದನ್ನು ಮುಟ್ಟಬಾರದು ಎಂದು ನಾನೂ ಸುಮ್ಮನಾದೆ.

ಒಂದು ಬುಧವಾರ ಮಧ್ಯಾಹ್ನ ಸೆಂಟರಿಗೆ ನನ್ನ ಹೈಸ್ಕೂಲಿನ ಗಣಿತದ ಮಾಸ್ಟ್ರು ಬಂದರು. ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಹಿಂದಿನ ವಾರ ಎದೆನೋವೆಂದು ಮಣಿಪಾಲಕ್ಕೆ ಸೇರಿಸಿದ್ದಾರೆ ಎಂದು ಕೇಳಿದ್ದೆ. ಅವರು ಬಿಳಿ ಪಂಚೆಯ ತುದಿ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದು, ಕುರ್ಚಿಯಲ್ಲಿ ಕೂತು ಉಸಿರು ತೆಗೆದುಕೊಂಡರು.

"ನಾನು ತೀರಿಕೊಂಡದ್ದು ಯಾವಾಗ ಅಂತ ಸ್ವಲ್ಪ ನೋಡಿ ಹೇಳು," ಎಂದರು.

ಪುಟದಲ್ಲಿ ಇತ್ತು. ಫೋಟೋ ಸಮೇತ ಇತ್ತು. ಬರೆದವರು ಯಾರೋ ಶತ್ರುಗಳಲ್ಲ, ಅವರದೇ ನೆಂಟರು. ಐಸಿಯುವಿಗೆ ಹಾಕಿದ್ದಾರೆ ಎಂದು ತಿಳಿದ ಕೂಡಲೇ, ಹೇಗೂ ಇವತ್ತೋ ನಾಳೆಯೋ, ದುಬೈಯಲ್ಲಿರುವ ಅಣ್ಣನ ಮಗನಿಗೆ ರಜೆ ಸಿಗಲು ಸಮಯ ಬೇಕಲ್ಲ, ಮೊದಲೇ ಹಾಕಿಡುವ ಎಂದು ಒಳ್ಳೆಯ ಮನಸ್ಸಿನಿಂದ ಹಾಕಿದ್ದರು. ಆ ಹುಡುಗ ಕಪ್ಪು ಕೋಟು ಸಮೇತ ಬಂದಿಳಿದರೆ ಚಿಕ್ಕಪ್ಪ ಜಗಲಿಯಲ್ಲಿ ಕೂತು ಗಂಜಿ ಊಟ ಮಾಡುತ್ತಿದ್ದಾರೆ.

ಕಂಪ್ಯೂಟರುಗಳ ಮುಂದೆ ಕೂತಿದ್ದ ಗಿರಾಕಿಗಳು ನಕ್ಕರು. ಮಾಸ್ಟ್ರು ನಗಲಿಲ್ಲ. "ನೀನು ಲೆಕ್ಕದಲ್ಲಿ ಯಾವಾಗಲೂ ಹೀಗೆಯೇ. ಉತ್ತರ ಮೊದಲು, ಸ್ಟೆಪ್ ಆಮೇಲೆ," ಎಂದು ಹೇಳಿ ಇಳಿದು ಹೋದರು.

ನನಗೆ ಅವಮಾನವಾಯಿತು. ಅವಮಾನ ನನ್ನಲ್ಲಿ ಹೆಚ್ಚು ಹೊತ್ತು ಅವಮಾನವಾಗಿ ಉಳಿಯುವುದಿಲ್ಲ, ಸಿಟ್ಟಾಗುತ್ತದೆ. ಬರೆದದ್ದು ನಾನಾ? ಊರಿನವರು ಜೀವ ಇರುವವರನ್ನು ಸಾಯಿಸಿದರೆ ಬೈಗುಳ ನನಗಾ? ಸಂಜೆ ಆರು ಗಂಟೆಗೆ ಗಿರಾಕಿಗಳು ಹೋದ ಮೇಲೆ ಆ ಒಂಬತ್ತು ಚೌಕಗಳ ಮುಂದೆ ಕೂತೆ. ಬರೆಯುವ ಟಿಕ್‌ಗಳನ್ನು ಕಿತ್ತೆ. 'ನಡೆಸುವುದು' ಎಂಬುದು ನೋಡಲಿಕ್ಕೇ ಅಪಾಯವಾಗಿ ಕಂಡಿತು, ಯಾರೂ ಇಲ್ಲಿ ಏನನ್ನೂ ನಡೆಸುವುದು ಬೇಡ ಎಂದು ಅದನ್ನೂ ಮೂರು ಸಾಲಿನಿಂದ ಕಿತ್ತೆ. ಒಳಗಿನ ಎಲ್ಲ ಫೋಲ್ಡರುಗಳಿಗೂ ಇದನ್ನೇ ಮಾಡಲೇ ಎಂದು ಪ್ರೋಗ್ರಾಮು ಕೇಳಿತು. ಮಾಡು ಮಾರಾಯ, ಕೇಳುವುದೆಂತ ಎಂದು ಒತ್ತಿದೆ. ಆಮೇಲೆ ಪುಟ ತೆರೆದು ನೋಡಿದೆ, ಸರಿಯಾಗಿಯೇ ಕಾಣಿಸಿತು. ಅದು ನನ್ನ ಕಂಪ್ಯೂಟರು ಮೊದಲೇ ತೆಗೆದಿಟ್ಟುಕೊಂಡಿದ್ದ ಹಳೆಯ ಪ್ರತಿ ಎಂದು ಆಗ ಹೊಳೆಯಲಿಲ್ಲ. ನೆಮ್ಮದಿಯಾಗಿ ಮನೆಗೆ ಹೋದೆ.

ಮರುದಿನ, ಅಂದರೆ ಆ ಗುರುವಾರ, ಮಧ್ಯಾಹ್ನ ಎರಡು ಗಂಟೆಗೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಕಾರ್ಕಳಕ್ಕೆ ಮದುವೆಯಾಗಿ ಹೋದ ನಮ್ಮೂರಿನ ಅಕ್ಕ. ಅವರ ತಾಯಿಯನ್ನು ನಾವೆಲ್ಲ ಬಾಯಮ್ಮ ಎಂದು ಕರೆಯುತ್ತಿದ್ದೆವು. ಬಸಳೆ, ಹರಿವೆ ಬೆಳೆಸಿ ಕಾಪು ಪೇಟೆಗೆ ತರುತ್ತಿದ್ದ ಬಾಯಮ್ಮ. ಆ ದಿನ ಬೆಳಗ್ಗೆ ಮಣಿಪಾಲದಲ್ಲಿ ಹೋಗಿಬಿಟ್ಟಿದ್ದರು. ಅಕ್ಕ ಅಲ್ಲಿಂದ ನೇರ ಬಸ್ಸು ಹಿಡಿದು ಬಂದಿದ್ದರು. ಬ್ಯಾಗಿನಿಂದ ಫೋಟೋ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು.

"ನನ್ನ ತಮ್ಮ ಕುವೈತಿನಲ್ಲಿ ಇದ್ದಾನಲ್ಲ," ಎಂದರು. "ಅವನ ಮ್ಯಾನೇಜರು ನಿಮ್ಮ ಪುಟ ನೋಡಿದ್ರೆ ಮಾತ್ರ ಪಾಸ್‌ಪೋರ್ಟ್ ಕೊಡುವುದಂತೆ. ಗುರುವಾರ ಅಲ್ಲಿ ಅರ್ಧ ದಿನ. ಅವರ ಒಂದು ಗಂಟೆಗೆ ಆಫೀಸು ಮುಚ್ತದೆ, ನಮಗೆ ಮೂರೂವರೆ. ನಾಳೆ ರಜೆ. ಇವತ್ತು ಪಾಸ್‌ಪೋರ್ಟ್ ಸಿಕ್ಕಿದ್ರೆ ರಾತ್ರಿಯ ವಿಮಾನ ಉಂಟು, ನಾಳೆ ಬೆಳಗ್ಗೆ ಇಲ್ಲಿ ಮುಟ್ತಾನೆ."

"ಇಲ್ಲದಿದ್ರೆ?"

"ಇಲ್ಲದಿದ್ರೆ ಎಂತ ಮಾಡುವುದು? ನಾಳೆ ನಾಲ್ಕು ಗಂಟೆಗೆ ಮಣ್ಣು. ಶನಿವಾರ, ಆದಿತ್ಯವಾರ ಇಗರ್ಜಿಯ ಹಬ್ಬ, ಆಗುವುದಿಲ್ಲ. ಸೋಮವಾರದವರೆಗೆ ಇಡುವ ಅಂದ್ರೆ ಅಮ್ಮ ಮೊದಲೇ ಹೇಳಿಟ್ಟಿದ್ದಾಳೆ, ನನ್ನನ್ನು ಬಂಗುಡೆಯ ಹಾಗೆ ಐಸಿನಲ್ಲಿ ಇಡಬೇಡಿ ಅಂತ. ಒಂದು ರಾತ್ರಿ ಇಡುವುದೇ ಹೆಚ್ಚಾಯ್ತು ನಮಗೆ."

ಅದನ್ನು ಹೇಳುವಾಗ ಅವರಿಗೆ ನಗು ಬಂತು, ನಗುತ್ತಲೇ ಕಣ್ಣು ಒರೆಸಿಕೊಂಡರು. ಆ ಮಗನನ್ನು ಬಾಯಮ್ಮ ನೋಡಿ ನಾಲ್ಕು ವರ್ಷವಾಗಿತ್ತಂತೆ. ಆಸ್ಪತ್ರೆಯಲ್ಲಿ ಮೂರು ದಿನವೂ ಅವನ ಹೆಸರನ್ನೇ ಹೇಳಿದರಂತೆ.

ಒಂದೂವರೆ ಗಂಟೆ ಸಮಯವಿತ್ತು, ಕೆಲಸ ಹತ್ತು ನಿಮಿಷದ್ದು. ನಾನು ಫೋಟೋ ಸ್ಕ್ಯಾನ್ ಮಾಡಿ, ವಿವರ ಬರೆದು, ಕಳಿಸಲು ಒತ್ತಿದೆ. ಗಂಟೆ ಎರಡೂ ಕಾಲು. ಸರ್ವರು ತೆಗೆದುಕೊಳ್ಳಲಿಲ್ಲ. ಅನುಮತಿ ನಿರಾಕರಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಮತ್ತೊಮ್ಮೆ ಒತ್ತಿದೆ, ಅದೇ ಸಾಲು. ಇಗರ್ಜಿಯ ಪುಟವನ್ನು ಹೊಸದಾಗಿ ತರಿಸಿ ನೋಡಿದರೆ ಅದೂ ಇಲ್ಲ. ಬಿಳಿ ಪರದೆಯ ಮೇಲೆ, ನಿಷೇಧಿಸಲಾಗಿದೆ, ಇದನ್ನು ನೋಡಲು ನಿಮಗೆ ಅನುಮತಿಯಿಲ್ಲ ಎಂದು ಬರೆದಿತ್ತು.

ಈಗ ಹೇಳುವುದು ಸುಲಭ. ಹಿಂದಿನ ಸಂಜೆ ನಾನು ಏನು ಮಾಡಿದೆ ಎಂದು ಒಂದೇ ಒಂದು ನಿಮಿಷ ಯೋಚಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯೋಚನೆ ಬಂತು ಕೂಡ, ಬಂದದ್ದನ್ನು ನಾನೇ ತಳ್ಳಿದೆ. ನಿನ್ನೆ ಪುಟ ತೆರೆದು ನೋಡಿದ್ದೆನಲ್ಲ, ಸರಿಯಿತ್ತಲ್ಲ. ಎರಡು ತಿಂಗಳ ಹಿಂದೆ ಆ ಅಮೆರಿಕದವರ ಸರ್ವರು ಎರಡು ದಿನ ಬಿದ್ದುಕೊಂಡಿತ್ತು, ಅದರ ಸಿಟ್ಟು ನನ್ನಲ್ಲಿ ಇನ್ನೂ ಇತ್ತು. ಇದೂ ಅವರದೇ ಕೆಲಸ ಎಂದು ತೀರ್ಮಾನಿಸಿಬಿಟ್ಟೆ.

"ಸರ್ವರ್ ಪ್ರಾಬ್ಲಮ್," ಎಂದೆ ಅಕ್ಕನಿಗೆ. "ಅಮೆರಿಕದವರದ್ದು. ನೋಡಿ, ಈಗ ಬರೀತೇನೆ ಅವರಿಗೆ."

ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಇಂಗ್ಲಿಷಿನಲ್ಲಿ ನಾನು ಇನ್ನೇನನ್ನೂ ಬರೆದಿಲ್ಲ. ನಿಮ್ಮ ಬೇಜವಾಬ್ದಾರಿ, ನಿಮ್ಮ ಉಡಾಫೆ, ಇಲ್ಲೊಬ್ಬರ ತಾಯಿ ತೀರಿಕೊಂಡಿದ್ದಾರೆ ಎಂದು ಮೂರು ಪ್ಯಾರಾ. ನಡುವೆ ಒಂದು ಪದದ ಸ್ಪೆಲ್ಲಿಂಗ್ ಸರಿಯೇ ಎಂದು ನಿಘಂಟು ತೆಗೆದು ನೋಡಿದೆ. ಹೌದು, ನಿಘಂಟು ತೆಗೆದು ನೋಡಿದೆ. ಅಕ್ಕ ನನ್ನ ಬದಿಯ ಸ್ಟೂಲಿನಲ್ಲಿ ಕೂತು ಗೋಡೆಯ ಗಡಿಯಾರವನ್ನು, ನನ್ನ ಕೈಯನ್ನು ನೋಡುತ್ತಿದ್ದರು.

"ಅಲ್ಲಿ ಈಗ ಗಂಟೆ ಎಷ್ಟು?" ಎಂದು ಕೇಳಿದರು.

"ಬೆಳಗ್ಗೆ ಐದು."

"ಹಾಗಾದ್ರೆ ಇದನ್ನು ಓದ್ಲಿಕ್ಕೆ ಯಾರು ಎದ್ದಿರ್ತಾರೆ ಮಾರಾಯ್ತಿ?"

ಪತ್ರ ಕಳಿಸಿ, ಉತ್ತರ ಬರುತ್ತದೆಯೋ ಎಂದು ಐದು ನಿಮಿಷ ಕಾದೆ. ಗಂಟೆ ಎರಡು ನಲವತ್ತು.

ಆಗ ನಿಜವಾದ ಹೆದರಿಕೆ ಶುರುವಾಯಿತು. ಸಿಟ್ಟು ಇಳಿದ ಮೇಲೆ ಅಲ್ಲಿ ಹೆದರಿಕೆಯೊಂದೇ ಉಳಿದಿತ್ತು. ಇಂಟರ್ನೆಟ್ ಕಡಿದು ಮಣಿಪಾಲಕ್ಕೆ ಫೋನ್ ಮಾಡಿದೆ. ನನಗೆ ಕೋರ್ಸಿನಲ್ಲಿ ಪಾಠ ಮಾಡಿದ ಸರ್ ಒಬ್ಬರು ಅಲ್ಲಿನ ಕಾಲೇಜೊಂದರ ಲ್ಯಾಬಿನಲ್ಲಿದ್ದರು. ಅಟೆಂಡರು ಎತ್ತಿದ. ಸರ್ ಕ್ಲಾಸಿನಲ್ಲಿದ್ದಾರೆ, ಮೂರು ಗಂಟೆಗೆ ಬಿಡುತ್ತಾರೆ ಎಂದ. ಕರೆಯಿರಿ, ಒಬ್ಬರು ತೀರಿಕೊಂಡಿದ್ದಾರೆ ಎಂದೆ. ಅವನು ಗಾಬರಿಯಿಂದ ಓಡಿದ. ಸರ್ ಮನೆಯಲ್ಲೇ ಯಾರೋ ತೀರಿಕೊಂಡರೆಂದು ತಿಳಿದನೋ ಏನೋ, ಸರ್ ಬಂದು ಫೋನ್ ಎತ್ತಿದಾಗ ಅವರ ಸ್ವರ ನಡುಗುತ್ತಿತ್ತು. ವಿಷಯ ಕೇಳಿ ಬೈಯಲಿಲ್ಲ. "ನೀವು ಪರ್ಮಿಷನ್ ಏನಾದರೂ ಬದಲಿಸಿದ್ರಾ?" ಎಂದಷ್ಟೇ ಕೇಳಿದರು.

ಆಗ ಹೇಳಿದೆ. ಅಕ್ಕನಿಗೆ ಕೇಳಿಸಬಾರದೆಂದು ಮುಖ ಗೋಡೆಗೆ ತಿರುಗಿಸಿ, ಸ್ವರ ತಗ್ಗಿಸಿ, ಇಂಗ್ಲಿಷಿನಲ್ಲಿ ಹೇಳಿದೆ.

"ಫೋಲ್ಡರಿಗೂ ನಡೆಸುವ ಟಿಕ್ ತೆಗೆದ್ರಾ? ಅಯ್ಯೋ ಮಾರಾಯ್ರೆ," ಎಂದರು ಸರ್. "ಫೈಲಿಗೆ ಅದು ನಡೆಸುವುದು. ಫೋಲ್ಡರಿಗೆ ಅದು ಒಳಗೆ ಕಾಲಿಡುವುದು. ನೀವು ಹೊಸ್ತಿಲೇ ಮುಚ್ಚಿದ್ದೀರಿ, ಯಜಮಾನರನ್ನೂ ಸೇರಿಸಿ ಹೊರಗೆ ಹಾಕಿದ್ದೀರಿ. ಮೇಲಿನ ಫೋಲ್ಡರಿನಿಂದ ಒಂದೊಂದೇ ತೆರೆದುಕೊಂಡು ಹೋಗಿ. ಎಲ್ಲವನ್ನೂ ಒಟ್ಟಿಗೆ ಮಾಡಬೇಡಿ."

ಮೂರು ಗಂಟೆಗೆ ಎರಡು ನಿಮಿಷ ಇತ್ತು. ಫೋನ್ ಇಟ್ಟು ಮತ್ತೆ ಇಂಟರ್ನೆಟ್ ಹಾಕಿದರೆ ಹತ್ತಲಿಲ್ಲ. ಮೋಡೆಮ್ಮು ಕಿರುಚಿ ಕಿರುಚಿ ಸುಮ್ಮನಾಗುತ್ತಿತ್ತು. ಮಧ್ಯಾಹ್ನದ ಆ ಹೊತ್ತಿಗೆ ಉಡುಪಿಯ ಕಡೆಯ ಲೈನುಗಳೆಲ್ಲ ತುಂಬಿರುತ್ತಿದ್ದವು, ನನಗದು ಗೊತ್ತಿದ್ದ ವಿಷಯವೇ. ಲೈನನ್ನು ಕೈಯಾರೆ ಕಡಿದವಳೂ ನಾನೇ. ಎರಡನೆಯ ಸಲವೂ ಇಲ್ಲ, ಮೂರನೆಯ ಸಲವೂ ಇಲ್ಲ. ಅಕ್ಕ ಈಗ ಗಡಿಯಾರ ನೋಡುವುದನ್ನು ಬಿಟ್ಟು ಕೊರಳಿನ ಜಪಸರವನ್ನು ಕೈಯಲ್ಲಿ ಹಿಡಿದು ತುಟಿ ಆಡಿಸುತ್ತಿದ್ದರು. ಅವರು ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಎದ್ದು ಹೋಗಿ ಮಡಕೆಯಿಂದ ನೀರು ತಂದು ನನ್ನ ಪಕ್ಕದಲ್ಲಿ ಇಟ್ಟರು. "ಕುಡೀರಿ, ನಿಧಾನ ಮಾಡಿ," ಎಂದರು. ತಾಯಿ ಸತ್ತದ್ದು ಅವರದ್ದು.

ಮೂರು ಗಂಟೆ ಹನ್ನೊಂದು ನಿಮಿಷಕ್ಕೆ ಲೈನು ಸಿಕ್ಕಿತು. ಮೇಲಿನ ಫೋಲ್ಡರಿಗೆ ಟಿಕ್ ಹಾಕಿದೆ, ತೆರೆಯಿತು. ಅದರೊಳಗೆ ಹೋದರೆ ಮರಣ ವಾರ್ತೆಯ ಫೋಲ್ಡರು ಮುಚ್ಚಿತ್ತು. ಅದಕ್ಕೆ ಹಾಕಿದೆ. ಅದರೊಳಗೆ ಫೋಟೋಗಳ ಫೋಲ್ಡರು ಮುಚ್ಚಿತ್ತು. ಪ್ರತಿಯೊಂದಕ್ಕೂ ಸರ್ವರಿಗೆ ಹೇಳಿ, ಉತ್ತರ ಬರುವವರೆಗೆ ಕಾಯಬೇಕು. ಆ ಕಾಲದ ಲೈನಿನಲ್ಲಿ ಕಾಯುವುದೆಂದರೆ ಕಾಯುವುದೇ. ಕೊನೆಗೆ ಬಾಯಮ್ಮನ ವಿವರ ಹೋಯಿತು. ಫೋಟೋ ಅರ್ಧಕ್ಕೆ ನಿಂತಿತು. ನಾನು ದೇವರ ಹೆಸರನ್ನೂ ಹೇಳಿದೆ, ಬೈಗುಳವನ್ನೂ ಹೇಳಿದೆ, ಯಾವುದು ಮೊದಲು ಎಂದು ನೆನಪಿಲ್ಲ. ಫೋಟೋ ಹೋಯಿತು. ಪುಟ ತೆರೆದೆ. ಮೇಲಿನಿಂದ ಸ್ವಲ್ಪ ಸ್ವಲ್ಪವಾಗಿ ಬಾಯಮ್ಮನ ತಲೆ, ಹಣೆ, ಕನ್ನಡಕ ಬಂದವು.

ಗಂಟೆ ಮೂರು ಇಪ್ಪತ್ತಾರು.

ಅಕ್ಕ ಮೆಟ್ಟಿಲು ಇಳಿದು ಹೆದ್ದಾರಿ ದಾಟಿ ಎಸ್‌ಟಿಡಿ ಬೂತಿಗೆ ಓಡಿದರು. ಲಾರಿಯೊಂದು ಬ್ರೇಕ್ ಹಾಕಿದ ಸದ್ದು ನನಗೆ ಮೇಲಕ್ಕೆ ಕೇಳಿಸಿತು. ನಾನು ಕಿಟಕಿಯಲ್ಲಿ ನಿಂತೆ. ಗಾಜಿನ ಬಾಗಿಲಿನೊಳಗೆ ಅವರು ಫೋನ್ ಹಿಡಿದು ಮಾತನಾಡುವುದು ಕಾಣುತ್ತಿತ್ತು. ಆಮೇಲೆ ಮಾತು ನಿಲ್ಲಿಸಿದರು. ಫೋನ್ ಹಾಗೆಯೇ ಕಿವಿಯಲ್ಲಿತ್ತು. ಬೂತಿನವನು ಬಾಗಿಲು ತೆರೆದು ಏನೋ ಕೇಳಿದ.

ಮ್ಯಾನೇಜರು ಹತ್ತು ನಿಮಿಷ ಮೊದಲೇ ಹೊರಟುಹೋಗಿದ್ದ. ಅಷ್ಟು ಹೊತ್ತು ಅವನೂ ಕಾದಿದ್ದನಂತೆ, ಎರಡು ಮೂರು ಸಲ ಪುಟ ತೆರೆದು ನೋಡಿದ್ದನಂತೆ. ನಿನ್ನ ಇಗರ್ಜಿ ಏನನ್ನೂ ಹೇಳುತ್ತಿಲ್ಲವಲ್ಲ ಎಂದು ಕಪಾಟಿಗೆ ಬೀಗ ಹಾಕಿ, ಕುಟುಂಬದೊಂದಿಗೆ ಎಲ್ಲಿಗೋ ಹೋದನಂತೆ. ಅಕ್ಕನ ತಮ್ಮ ಆ ಬೀಗದ ಮುಂದೆಯೇ ನಿಂತಿದ್ದ.

ಶುಕ್ರವಾರ ನಾಲ್ಕು ಗಂಟೆಗೆ ಮಣ್ಣಾಯಿತು. ನಾನು ಹೋಗಿದ್ದೆ. ಪೆಟ್ಟಿಗೆ ಮುಚ್ಚುವ ಮೊದಲು ಮನೆಯವರೆಲ್ಲ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುವುದು ಅವರಲ್ಲಿ ಪದ್ಧತಿ. ಫೋಟೋದವನು ಎಲ್ಲರನ್ನೂ ನಿಲ್ಲಿಸಿ, ತಲೆಯ ಬಳಿ ಜಾಗ ಖಾಲಿ ಉಂಟು, ಯಾರಾದರೂ ಬನ್ನಿ ಎಂದ. ಯಾರೂ ಹೋಗಲಿಲ್ಲ. ಅಲ್ಲಿ ಸೇರಿದ್ದವರೆಲ್ಲ ಸರ್ವರ್ ಪ್ರಾಬ್ಲಮ್ ಅಂತೆ, ಅಮೆರಿಕದ್ದಂತೆ ಎಂದು ಮಾತನಾಡುತ್ತಿದ್ದರು. ಫಾದರ್ ನನ್ನ ಭುಜ ತಟ್ಟಿ, ನೀವು ತುಂಬ ಪ್ರಯತ್ನ ಮಾಡಿದ್ರಂತೆ ಎಂದರು. ಹೇಳಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ಅಮೆರಿಕದವರ ಉತ್ತರ ಆ ದಿನ ಬೆಳಗ್ಗೆ ಬಂದಿತ್ತು: ನಮ್ಮ ಕಡೆ ಯಾವ ದೋಷವೂ ಇಲ್ಲ, ನಿಮ್ಮ ಫೋಲ್ಡರಿನ ಅನುಮತಿಗಳನ್ನು ದಯವಿಟ್ಟು ಪರೀಕ್ಷಿಸಿ, ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು.

ಒಂದೂವರೆ ವರ್ಷದ ನಂತರ ಅಕ್ಕನ ತಮ್ಮ ಊರಿಗೆ ಬಂದ. ಬಂದ ಮೂರನೆಯ ದಿನವೇ ಸೆಂಟರಿಗೂ ಬಂದ. ಕೈಯಲ್ಲಿ ಖರ್ಜೂರದ ಡಬ್ಬಿ, ಒಂದು ಸೆಂಟಿನ ಬಾಟಲಿ. ಸಣ್ಣ ಸ್ವರದ, ಸಂಕೋಚದ ಮನುಷ್ಯ. "ನಿಮಗೆ ಥ್ಯಾಂಕ್ಸ್ ಹೇಳ್ಬೇಕಿತ್ತು," ಎಂದ. "ಅಂದು ನೀವು ಎಷ್ಟು ಕಷ್ಟಪಟ್ರಿ ಅಂತ ಅಕ್ಕ ಯಾವಾಗಲೂ ಹೇಳ್ತಾಳೆ. ಸರ್ವರ್ ಹಾಳಾದ್ರೆ ನೀವೆಂತ ಮಾಡ್ಲಿಕ್ಕಾಗ್ತದೆ?"

ಡಬ್ಬಿಯನ್ನು ಮೇಜಿನ ಮೇಲೆ ಇಟ್ಟ. ನನಗೆ ತಡೆಯಲಾಗಲಿಲ್ಲ.

"ಸರ್ವರ್ ಹಾಳಾಗಿರಲಿಲ್ಲ," ಎಂದೆ. "ಹಿಂದಿನ ದಿನ ಸಿಟ್ಟಿನಲ್ಲಿ ನಾನೇ ಮುಚ್ಚಿದ್ದು. ಅದೇ ಅಂತ ಗೊತ್ತಾಗ್ಲಿಕ್ಕೂ ತಡ ಮಾಡಿದೆ."

"ಎಷ್ಟು ತಡ?" ಎಂದು ಕೇಳಿದ.

"ಇಪ್ಪತ್ತೈದು ನಿಮಿಷ."

"ಆ ಇಪ್ಪತ್ತೈದು ನಿಮಿಷ ಎಂತ ಮಾಡಿದ್ರಿ?"

"ಅಮೆರಿಕದವರಿಗೆ ಬೈದು ಪತ್ರ ಬರೆದೆ."

ಅವನು ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡುತ್ತ ಕೂತ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ, ಸತ್ಯವಾಗಿ. ಆಮೇಲೆ ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿ, ಬಾಗಿಲಿನವರೆಗೆ ಹೋದ. ಅಲ್ಲಿ ನಿಂತು ತಿರುಗಿದ.

"ಅಕ್ಕನಿಗೆ ಹೇಳ್ಬೇಡಿ," ಎಂದ. "ಅವಳು ರಾತ್ರಿ ಜಪಸರ ಹಿಡಿದು ತೇರ್ಸ ಮಾಡುವಾಗ ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡ್ತಾಳೆ."

ನಾನು ಹೇಳಲಿಲ್ಲ. ಇಂದಿಗೂ ಪ್ರತಿ ಕ್ರಿಸ್‌ಮಸ್ಸಿಗೆ ಅಕ್ಕ ಕಾರ್ಕಳದಿಂದ ಹಬ್ಬದ ತಿಂಡಿ ಕುಸ್ವಾರಿನ ಡಬ್ಬಿ ತರುತ್ತಾರೆ. ನಾನು ತೆಗೆದುಕೊಳ್ಳುತ್ತೇನೆ.